ಹಳೇ ಹೆಂಚಿನ ಕೊಟ್ಟಿಗೆ: ಕೆಡವೋದಾ, ಉಳಿಸೋದಾ?

ಬೆಟ್ಟದಾಚೆ:
ಭಾಗಮಂಡಲದ ಹತ್ತಿರ ನಮ್ಮದೊಂದು ಕೊಟ್ಟಿಗೆ ಇದೆ, ಅಜ್ಜನ ಕಾಲದ್ದು. ಮಣ್ಣಿನ ಗೋಡೆ, ಹಲಸಿನ ಕಂಬ, ಮಂಗಳೂರು ಹೆಂಚು. ಈಗ ದನ ಇಲ್ಲ. ಗೊಬ್ಬರ, ಏಣಿ, ಕಾಫಿ ಚೀಲ ಇಡುತ್ತೇವೆ. ಪಡುವಣ ಗೋಡೆ ಮಳೆಗೆ ಕರಗಿದೆ. ಎರಡು ಕಂಬಗಳ ಬುಡ ಒತ್ತಿದರೆ ಪುಡಿಯಾಗುತ್ತದೆ. ಮೇಸ್ತ್ರಿ ಎಲ್ಲ ಕೆಡವಿ ಶೀಟ್ ಹಾಕಿಸಿ ಅಂತಾರೆ. ನನಗೆ ಮನಸ್ಸಿಲ್ಲ. ಗೋಡೆಗೆ ಸಿಮೆಂಟ್ ಬಳಿದು, ಕಂಬಕ್ಕೆ ಬಣ್ಣ ಹೊಡೆದರೆ ಸಾಕಾ?

ತೋಟದ ಹುಡುಗ:
ಶೀಟ್ ಬೇಡ. ಜುಲೈಯಲ್ಲಿ ಒಳಗಿಂದಲೇ ಬೆವರಿ ತೊಟ್ಟಿಕ್ಕುತ್ತದೆ. ಕಾಫಿ ಇಡುವ ಜಾಗ ಬೇರೆ!

ಉಳಿ ಸುತ್ತಿಗೆ:
ಹಳೇ ಮನೆಗಳ ಮರಗೆಲಸವೇ ನನ್ನ ಕಸುಬು. ಸಿಮೆಂಟ್, ಬಣ್ಣ ಎರಡೂ ಸದ್ಯಕ್ಕೆ ಬೇಡ. ಮಣ್ಣಿನ ಗೋಡೆ ನೀರು ಕುಡಿಯುತ್ತೆ, ಬಿಸಿಲಿಗೆ ಬಿಡುತ್ತೆ. ಮೇಲೆ ಸಿಮೆಂಟ್ ಬಳಿದರೆ ಒಳಗಿನ ಹಸಿ ಹೊರಗೆ ಬರೋಕೆ ದಾರಿ ಇಲ್ಲ. ಕೆಲವು ಮಳೆಗಾಲ ಕಳೆದ ಮೇಲೆ ಪದರ ಪದರವಾಗಿ ಕಳಚುತ್ತದೆ, ಮಣ್ಣನ್ನೂ ಹಿಡಿದುಕೊಂಡೇ. ಅದೇ ಮಣ್ಣಿಗೆ ಹುಲ್ಲು ಕಲಸಿ ಕಟ್ಟಿ, ಮೇಲೆ ಸುಣ್ಣದ ಗಾರೆ ಮಾಡಿಸಿ.

ಅದಕ್ಕೂ ಮೊದಲು ಆ ಗೋಡೆ ಯಾಕೆ ಕರಗಿತು ನೋಡಿ. ನಮ್ಮ ಮಳೆ ಪಡುವಣ ಗಾಳಿ ಜೊತೆ ಅಡ್ಡಡ್ಡ ಹೊಡೆಯುತ್ತೆ ಅಲ್ವಾ? ಸೂರಿನ ಅಂಚು ಗೋಡೆಯಿಂದ ಎರಡು ಅಡಿಯಾದರೂ ಹೊರಗೆ ಚಾಚಿರಬೇಕು. ಸೂರಿನ ನೀರು ಬೀಳುವಲ್ಲಿ ಚರಂಡಿ ತೆಗೆಸಿ. ಇದಾಗದೆ ಗೋಡೆ ಮುಟ್ಟಿದರೆ ಸುಮ್ನೆ ದುಡ್ಡು ದಂಡ.

ಕಂಬ ಪೂರ್ತಿ ಬದಲಿಸಬೇಕಿಲ್ಲ. ಕಂಬದ ಮೇಲಿನ ಅಡ್ಡ ತೊಲೆಗೆ ಜಾಕ್ ಕೊಟ್ಟು ಭಾರ ಎತ್ತಿ, ಲಡ್ಡಾದ ಬುಡ ಕತ್ತರಿಸಿ. ಗಟ್ಟಿ ಮರ ಸಿಗುವವರೆಗೆ ಮೇಲಕ್ಕೆ ಹೋಗಿ. ಕೆಳಗೆ ಕಲ್ಲಿನ ಪೀಠ ಕೊಡಿ. ಮರ ನೆಲ ಮುಟ್ಟಲೇಬಾರದು. ಗೆದ್ದಲಿಗೆ ಬೋರಾಕ್ಸ್, ಬೋರಿಕ್ ಆ್ಯಸಿಡ್ ನೀರಲ್ಲಿ ಕರಗಿಸಿ ಒಣ ಮರಕ್ಕೆ ಬಳಿಯಿರಿ. ಆದರೆ ಮಳೆ ನೀರು ತಾಗಿದರೆ ಅದು ತೊಳೆದು ಹೋಗುತ್ತೆ, ಒಳಗಡೆಗೆ ಮಾತ್ರ. ಹೊರಗಿನ ಮರಕ್ಕೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಕೈಗವಸು ಮರೆಯಬೇಡಿ, ಚರ್ಮ ಸುಡುತ್ತೆ.

ಇದೆಲ್ಲ ಕಾಫಿ ಕೊಯ್ಲು ಮುಗಿದ ಮೇಲೆ ಶುರು ಮಾಡಿ. ಗಾರೆಗೆ ಒಣಗೋಕೆ ಸಮಯ ಬೇಕು. ಮೇ ಕೊನೆಗೆ ಬಂದು ಕರೆದರೆ ನಾನಂತೂ ಬರಲ್ಲ!

ಬೆಟ್ಟದಾಚೆ:
ಸರಿ, ಮೇಸ್ತ್ರಿಗೆ ಬೇಡ ಅನ್ನುತ್ತೇನೆ. ಒಡೆದ ಹೆಂಚಿಗೆ ಹೊಸದು ಸೇರಿಸಬಹುದಾ?

ಉಳಿ ಸುತ್ತಿಗೆ:
ಹಿಂಬದಿಯಲ್ಲಿ ಕಾರ್ಖಾನೆಯ ಗುರುತು ಇರುತ್ತೆ, ನೋಡಿ. ಒಂದೊಂದು ಕಾರ್ಖಾನೆಯ ಹೆಂಚಿನ ಅಚ್ಚು ಬೇರೆ, ಕಚ್ಚು ಸರಿಯಾಗಿ ಕೂರದಿದ್ದರೆ ಸೋರುತ್ತೆ. ಕೆಡವಿದ ಮನೆಗಳಲ್ಲಿ ಅದೇ ಗುರುತಿನದು ಹುಡುಕಿ. ತಟ್ಟಿ ನೋಡಿ, ಠಣ್ ಅಂದರೆ ತೆಗೆದುಕೊಳ್ಳಿ. ಸಿಗದಿದ್ದರೆ ಹಳೆಯದನ್ನೆಲ್ಲ ಮಳೆ ಹೊಡೆಯುವ ಬದಿಗೆ ಒಟ್ಟು ಮಾಡಿ, ಹೊಸದನ್ನು ಇನ್ನೊಂದು ಬದಿಗೆ ಹಾಕಿಸಿ.