ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್ ಆಡುವವರು ಯಾರಿದ್ದೀರಿ?

ವಿಂಡೋಸ್ ತೆಗೆದು ಪೂರ್ತಿ ಲಿನಕ್ಸ್‌ಗೆ ಬರೋಣ ಅಂತಿದ್ದೇನೆ. ಸ್ಟೀಮ್‌ನಲ್ಲಿ (ಗೇಮ್ ಮಾರುವ ಆನ್‌ಲೈನ್ ಅಂಗಡಿ) ಇರುವ ನನ್ನ ಗೇಮ್‌ಗಳೆಲ್ಲ ವಿಂಡೋಸ್‌ನವು. ಓಡುತ್ತವಾ? ಮಾಡಿ ನೋಡಿದವರು ಹೇಳಿ.

—

ಓಡುತ್ತವೆ, ಎಲ್ಲವೂ ಅಲ್ಲ. ಒಬ್ಬರೇ ಆಡುವ ಗೇಮ್ ಜಾಸ್ತಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಸ್ಟೀಮ್ ಸೆಟ್ಟಿಂಗ್ಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ಪ್ರೋಟಾನ್ ಆಫ್ ಇದ್ದರೆ ಆನ್ ಮಾಡಿ, ಇನ್‌ಸ್ಟಾಲ್ ಒತ್ತಿ, ಅಷ್ಟೇ. ಪ್ರೋಟಾನ್ ಅಂದ್ರೆ ಸ್ಟೀಮ್ ನಡೆಸುವ ವಾಲ್ವ್‌ನವರು ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್) ಇಟ್ಟುಕೊಂಡು 2018ರಲ್ಲಿ ಬಿಟ್ಟದ್ದು. ಗೇಮ್ ಡೈರೆಕ್ಟ್‌ಎಕ್ಸ್‌ನಲ್ಲಿ (ವಿಂಡೋಸ್‌ನ ಗ್ರಾಫಿಕ್ಸ್ ಭಾಷೆ) ಕೇಳಿದ್ದನ್ನು ಅದು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್‌ಗೆ ಬದಲಾಯಿಸಿ ಗ್ರಾಫಿಕ್ಸ್ ಕಾರ್ಡಿಗೆ ದಾಟಿಸುತ್ತದೆ, ಹಾಗಾಗಿ ಡ್ರೈವರ್ ತೀರಾ ಹಳೆಯದಾದರೆ ಗೇಮ್ ಶುರುವೇ ಆಗದೆ ಇರಬಹುದು. ಕಾರ್ಡ್ ಎಎಂಡಿ ಆದರೆ ಮೆಸಾ (ಲಿನಕ್ಸ್‌ನ ಓಪನ್ ಸೋರ್ಸ್ ಗ್ರಾಫಿಕ್ಸ್ ಡ್ರೈವರ್) ಅಪ್‌ಡೇಟ್ ಮಾಡಿ, ಎನ್‌ವಿಡಿಯಾ ಆದರೆ ಅವರದೇ ಡ್ರೈವರ್ ಹಾಕಿ.

ಕಿರಿಕ್ ಇರುವುದು ಆನ್‌ಲೈನ್ ಗೇಮ್‌ಗಳಲ್ಲಿ, ಮೋಸದಾಟ ತಡೆಯುವ ಆಂಟಿ-ಚೀಟ್ ಸಾಫ್ಟ್‌ವೇರ್‌ನಿಂದ. ವ್ಯಾಲೊರಂಟ್, ಫೋರ್ಟ್‌ನೈಟ್ ಆಸೆ ಬಿಡಿ. ಆಂಟಿ-ಚೀಟ್‌ಗಳಲ್ಲಿ ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್ ಜೊತೆ ಹೊಂದಿಕೊಳ್ಳುತ್ತವೆ, ಆದ್ರೆ ಗೇಮ್ ಮಾಡಿದವರು ಮನಸ್ಸು ಮಾಡಬೇಕಲ್ವಾ? ಎಪೆಕ್ಸ್ ಲೆಜೆಂಡ್ಸ್ ಓಡುತ್ತಿತ್ತು, 2024ರಲ್ಲಿ ಲಿನಕ್ಸ್‌ನವರಿಗೆ ಬಾಗಿಲು ಹಾಕಿದರು. ಇಂಥ ಗೇಮ್ ಒಂದಾದರೂ ಬೇಕೇ ಬೇಕು ಅಂದ್ರೆ ವಿಂಡೋಸ್ ಪಕ್ಕದಲ್ಲಿ ಇಟ್ಟುಕೊಳ್ಳಿ.

—

ಹಾಗೆ ಎರಡೂ ಇಟ್ಟುಕೊಳ್ಳುವವರು ವಿಂಡೋಸ್ ಡ್ರೈವ್‌ನಲ್ಲಿರುವ ಗೇಮನ್ನೇ ಲಿನಕ್ಸ್‌ನಿಂದ ಓಡಿಸಲು ಹೋಗಬೇಡಿ. ಪ್ಲೇ ಒತ್ತಿದರೆ ಹಸಿರು ಬಟನ್ ಒಂದು ಕ್ಷಣ ನೀಲಿಯಾಗಿ ಮತ್ತೆ ಹಸಿರಾಗುತ್ತದೆ, ಎರರ್ ಕೂಡ ಬರುವುದಿಲ್ಲ, ಸುಮ್ನೆ ಒತ್ತುತ್ತಾ ಕೂರಬೇಕು. ಪ್ರೋಟಾನ್ ಪ್ರತಿ ಗೇಮ್‌ಗೂ ಆ ಗೇಮ್ ಇರುವ ಡ್ರೈವ್‌ನಲ್ಲೇ ಒಂದು ಪುಟ್ಟ ವಿಂಡೋಸ್ ಫೋಲ್ಡರ್ ಮಾಡುತ್ತದೆ. ಅದರಲ್ಲಿ ಸಿ ಡ್ರೈವ್‌ನ ಲಿಂಕಿನ ಹೆಸರಲ್ಲಿ ಕೋಲನ್ (:) ಇರುತ್ತದೆ, ವಿಂಡೋಸ್ ಡ್ರೈವ್‌ನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ಗೆ ಅದು ಆಗಿಬರುವುದಿಲ್ಲ. ಗೇಮ್ ಫೋಲ್ಡರನ್ನು ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ವ್ಯವಸ್ಥೆ) ಡ್ರೈವ್‌ನಲ್ಲಿರುವ ಸ್ಟೀಮ್ ಲೈಬ್ರರಿಯ steamapps/common ಒಳಗೆ ಕಾಪಿ ಮಾಡಿ ಇನ್‌ಸ್ಟಾಲ್ ಒತ್ತಿ. ಇರುವ ಫೈಲ್‌ಗಳನ್ನು ಸ್ಟೀಮ್ ಗುರುತು ಹಿಡಿದು ಉಳಿದದ್ದಷ್ಟೇ ಇಳಿಸಿಕೊಳ್ಳುತ್ತದೆ.

—

ಯಾವ ಗೇಮ್ ಎಷ್ಟು ಚೆನ್ನಾಗಿ ಓಡುತ್ತದೆ ಅಂತ ಆಡಿದವರೇ ಬರೆಯುವ ಪ್ರೋಟಾನ್‌ಡಿಬಿ ವೆಬ್‌ಸೈಟಿನಲ್ಲಿ ಗೇಮಿನ ಹೆಸರು ಹುಡುಕಿ. ಪ್ಲಾಟಿನಂ, ಗೋಲ್ಡ್ ಅಂತ ಕೊಟ್ಟಿರುವುದಕ್ಕಿಂತ ನಿಮ್ಮಂಥದೇ ಕಾರ್ಡ್ ಇರುವವರು ಇತ್ತೀಚೆಗೆ ಬರೆದದ್ದನ್ನು ಓದಿ. ಕಥೆಯ ವಿಡಿಯೊ ಬರುವ ಜಾಗದಲ್ಲಿ ಹಳೆ ಟಿವಿಯ ಹಾಗೆ ಬಣ್ಣದ ಪಟ್ಟಿ ಕಂಡರೆ ಜಿಇ-ಪ್ರೋಟಾನ್ (ಹೊರಗಿನವರು ತಿದ್ದಿ ಕೊಡುವ ಪ್ರೋಟಾನ್) ಹಾಕಿ ನೋಡಿ, ಬಹಳ ಸಲ ಸರಿಹೋಗುತ್ತದೆ. ಎಪಿಕ್, ಗಾಗ್ (GOG) ಅನ್ನುವ ಬೇರೆ ಗೇಮ್ ಅಂಗಡಿಗಳಲ್ಲಿ ತಗೊಂಡವಕ್ಕೆ ಹೀರೋಯಿಕ್ ಲಾಂಚರ್ ಇದೆ.

—

ಸೇವ್ ಫೈಲ್ ಮರೀಬೇಡಿ! ಸ್ಟೀಮ್ ಕ್ಲೌಡ್ (ಸೇವ್ ಅನ್ನು ಆನ್‌ಲೈನ್‌ನಲ್ಲಿ ಇಡುವ ಸೌಲಭ್ಯ) ಇಲ್ಲದ ಗೇಮ್‌ಗಳ ಸೇವ್ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಅಥವಾ ಆಪ್‌ಡೇಟಾ ಒಳಗೆ ಇರುತ್ತದೆ. ವಿಂಡೋಸ್ ಅಳಿಸುವ ಮೊದಲೇ ಕಾಪಿ ತೆಗೆದಿಡಿ.