ಈಕೋ ವ್ಯಾನಿಗೆ ಏಳುವ ಟಾಪ್: ಎಷ್ಟು ನ್ಯೂಟನ್ ಸ್ಟ್ರಟ್, ಯಾವ ಹಿಂಜು?

ಪ್ರಶ್ನೆ, ತೀರ್ಥಹಳ್ಳಿಯಿಂದ: ಈಕೋವನ್ನು ಮಲಗುವ ಗಾಡಿ ಮಾಡಿಸ್ತಿದ್ದೇವೆ. ಹಿಂಜು ಮುಂದೆ, ಹಿಂಬದಿ ಏಳುವ ಫೈಬರ್ ಟಾಪ್. ಉದ್ದ 1.8 ಮೀಟರ್, ಅಗಲ 1.2, ತೂಕ 40 ಕೆಜಿ. ಎಷ್ಟು ನ್ಯೂಟನ್ನಿನ ಗ್ಯಾಸ್ ಸ್ಟ್ರಟ್ (ಟಾಪನ್ನು ಎತ್ತಿಹಿಡಿಯುವ, ಅನಿಲ ತುಂಬಿದ ದಂಡ) ಹಾಕಬೇಕು? ನಮ್ಮ ಮಳೆಗೆ ಏನು ಜಾಗ್ರತೆ? ಬಲ್ಲವರು ಹೇಳಿ.

ಶಿವಮೊಗ್ಗದಿಂದ: ತೂಕ ಒಂದನ್ನೇ ನೋಡಿ ಸ್ಟ್ರಟ್ ತರಬೇಡಿ ಸರ್. ಭಾರ ಹಿಂಜಿನಿಂದ 0.9 ಮೀಟರ್ ದೂರದಲ್ಲಿದೆ: 40 × 9.8 × 0.9, ಸುಮಾರು 353 ನ್ಯೂಟನ್ ಮೀಟರ್. ಸ್ಟ್ರಟ್ಟಿನ ಎರಡು ತುದಿಗೆ ದಾರ ಬಿಗಿದು, ಹಿಂಜಿನ ಪಿನ್ನಿನಿಂದ ಆ ದಾರಕ್ಕೆ ಮೂಲೆಮಟ್ಟ ಇಟ್ಟು ಅಳೆಯಿರಿ. ಬಹಳ ಜನ ಪಿನ್ನಿನಿಂದ ಬ್ರಾಕೆಟ್ಟಿಗೆ ಅಳೆದು ಎಡವುತ್ತಾರೆ. ಮುಚ್ಚಿದಾಗ ಈ ದೂರ 10 ಸೆಂ.ಮೀ. ಬಂದರೆ, 353ನ್ನು 0.1ರಿಂದ ಭಾಗಿಸಿ ಎರಡು ಸ್ಟ್ರಟ್ಟಿಗೆ ಹಂಚಿದಾಗ ತಲಾ 1765 ನ್ಯೂಟನ್ ಬೇಕಾಗುತ್ತೆ, ಬ್ರಾಕೆಟ್ಟೇ ಕಿತ್ತುಬರುತ್ತೆ. ಅದರ ಬದಲು ಎರಡು ಗೇಣು ಎದ್ದ ಸ್ಥಿತಿಗೆ ಲೆಕ್ಕ ಹಾಕಿ. ಅಲ್ಲಿ 20 ಸೆಂ.ಮೀ. ಸಿಕ್ಕರೆ ತಲಾ 900 ಸಾಕು. ಅಲ್ಲಿಯವರೆಗೆ ಕೈಯಲ್ಲಿ ಎತ್ತಬೇಕು, ಹಿಂದಿನ ಅಂಚಿನಲ್ಲಿ ಕೈಗೆ ಬರೋದು 10 ಕೆಜಿಯಷ್ಟೇ. ಮುಚ್ಚಿದ ಟಾಪ್ ತಾನಾಗಿ ಕೂತಿರುತ್ತೆ ಅನ್ನೋದೂ ಲಾಭ. ಆದರೂ ಹಿಂದೆ ಎರಡು ಲಾಚ್ ಬೇಕೇ ಬೇಕು.

ಸಾಗರದಿಂದ: ಮೇಲಿನ ಲೆಕ್ಕ ಸರಿ. ಅದಕ್ಕೆ ಸೋಲಾರ್ ಪ್ಯಾನೆಲ್ಲಿನ ತೂಕ ಸೇರಿಸೋದು ಮರೀಬೇಡಿ ಮಾರಾಯ್ರೆ. ಸ್ಟ್ರಟ್ಟಿನ ಮೇಲೆ ಬರೆದ ಬಲ 20 ಡಿಗ್ರಿ ಸೆಲ್ಸಿಯಸ್ ತಾಪಮಾನದ್ದು. 10 ಡಿಗ್ರಿ ಇಳಿದರೆ ಬಲ ಶೇ. 3ಕ್ಕಿಂತ ತುಸು ಹೆಚ್ಚೇ ಕುಗ್ಗುತ್ತೆ, ಚಳಿಗಾಲದ ಬೆಳಗ್ಗೆ ಟಾಪ್ ಸೋಮಾರಿಯಾಗೋದು ಅದಕ್ಕೇ. ಮುಚ್ಚಿದಾಗ ರಾಡ್ ಕೆಳಮುಖ ಇರಲಿ, ಒಳಗಿನ ಎಣ್ಣೆ ಸೀಲಿನ ಮೇಲೆ ನಿಲ್ಲುತ್ತೆ. ಒಂದು ಸೋತರೂ ಜೋಡಿಯನ್ನೇ ಬದಲಿಸಿ, ಇಲ್ಲದಿದ್ದರೆ ಟಾಪ್ ಓರೆಯಾಗಿ ಹಿಂಜು ತಿರುಚುತ್ತೆ. ಸಿಲಿಂಡರಿಗೆ ವೆಲ್ಡಿಂಗ್, ಡ್ರಿಲ್ ಮುಟ್ಟಿಸಲೇಬೇಡಿ, ಒಳಗೆ ಭಾರೀ ಒತ್ತಡದ ನೈಟ್ರೋಜನ್ ಇದೆ. ಕೆಳಗೆ ಮಲಗುವಾಗ ಮಡಚುವ ಕಬ್ಬಿಣದ ಊರುಗೋಲು ಕೊಟ್ಟೇ ಮಲಗಿ.

ಹೊಸನಗರದಿಂದ: ಹಿಂಜಿನ ಮಾತು ಯಾರೂ ಎತ್ತಲಿಲ್ಲ. ಟಾಪ್ ಎದ್ದಾಗ ಮೇಲೆ ಬಿದ್ದ ಮಳೆಯೆಲ್ಲ ಮುಂದಕ್ಕೆ, ಹಿಂಜಿನ ಕಡೆಗೇ ಹರಿಯುತ್ತೆ. ರೂಫಿನಲ್ಲಿ ಕತ್ತರಿಸಿದ ಬಾಯಿಯ ಸುತ್ತ 25 ಮಿ.ಮೀ. ಎತ್ತರದ ಅಂಚು ಕಟ್ಟಿ ರಬ್ಬರ್ ಬೀಡಿಂಗ್ ಹಾಕಿಸಿ. ಹಿಂಜು, ಅದರ ಬೋಲ್ಟು ಎರಡೂ ಬೀಡಿಂಗಿನ ಹೊರಗಿರಲಿ. ಈಕೋ ರೂಫ್ ಬಾಗಿರೋದರಿಂದ ಎರಡು ಹಿಂಜಿನ ಪಿನ್ ಒಂದೇ ಗೆರೆಗೆ ಬರಲ್ಲ, ಏಳುವಾಗ ಕಿರ್‌ ಅಂತ ಹಿಡಿಯುತ್ತೆ. ಎರಡೂ ಪಿನ್ ತೆಗೆದು ಒಂದೇ ನೇರ ಸರಳು ತೂರಿಸಿ, ಅದು ಸಲೀಸಾಗಿ ತಿರುಗುವವರೆಗೆ ಅಡಿಗೆ ಪ್ಯಾಕಿಂಗ್ ಕೊಟ್ಟು ಆಮೇಲೆ ಬಿಗಿಯಿರಿ. ತಗಡಿಗೆ ರಿವೆಟ್ ಬೇಡ, ಒಳಗೆ 3 ಮಿ.ಮೀ. ಪ್ಲೇಟ್ ಇಟ್ಟು 6 ಎಂಎಂ ಸ್ಟೀಲ್ ಬೋಲ್ಟ್, ನೈಲಾಕ್ ನಟ್ (ಅಲುಗಾಟಕ್ಕೆ ಸಡಿಲವಾಗದ, ಒಳಗೆ ನೈಲಾನ್ ಬಳೆಯ ನಟ್). ಅಲ್ಯೂಮಿನಿಯಂ ಹಿಂಜಾದರೆ ನಡುವೆ ನೈಲಾನ್ ವಾಷರ್, ಇಲ್ಲದಿದ್ದರೆ ಬಿಳಿ ಪುಡಿ ಎದ್ದು ತೂತು ದೊಡ್ಡದಾಗುತ್ತೆ. ಟಾಪ್ ಎದ್ದಾಗ ಸುತ್ತ ಗೋಡೆಯಾಗುವ ಬಟ್ಟೆಯ ನಡುವಿಗೆ ಒಳಗಿನಿಂದ ಎಲಾಸ್ಟಿಕ್ ಹಗ್ಗ ಹಾಕಿದರೆ ಮುಚ್ಚುವಾಗ ಒಳಕ್ಕೆ ಮಡಚಿಕೊಳ್ಳುತ್ತೆ, ಅಂಚಿಗೆ ಸಿಕ್ಕಲ್ಲ. ಒದ್ದೆಯಾಗಿ ಮುಚ್ಚಿದ್ದನ್ನು ಮಳೆ ಬಿಟ್ಟ ಕೂಡಲೇ ತೆರೆದು ಒಣಗಿಸಿ, ಬೂಷ್ಟು ಹಿಡಿಯೋಕೆ ಇಲ್ಲಿ ಹೊತ್ತು ಬೇಕಿಲ್ಲ.

ಶಿವಮೊಗ್ಗದಿಂದ, ಮತ್ತೆ: ರೂಫ್ ಕತ್ತರಿಸೋ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಗಾಡಿಯ ರೂಪ ಬದಲಿಸೋದರ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ. ರೂಫಿನಡಿಯ ಅಡ್ಡಪಟ್ಟಿ ಕತ್ತರಿಸಿದಲ್ಲಿ ಬಾಯಿಯ ಸುತ್ತ ಚೌಕ ಪೈಪಿನ ಫ್ರೇಮ್ ಕೂರಿಸಿ, ಆಮೇಲೆ ಹಿಂಜಿನ ಅಳತೆ ತೆಗೀರಿ.