ಅಟ್ಲಾಂಟಾಕ್ಕೆ ಮನೆ ಬದಲಾವಣೆ: ಮಿಡ್‌ಟೌನ್ ಮತ್ತು ಎಮೊರಿ ಎರಡಕ್ಕೂ ಹೊಂದುವ ಬಡಾವಣೆ ಯಾವುದು?

ಪ್ರಶ್ನೆ: ಕುಕ್ಕರಹಳ್ಳಿ

ಎಲ್ಲರಿಗೂ ನಮಸ್ಕಾರ. ಬರುವ ಜುಲೈ ತಿಂಗಳಲ್ಲಿ ನಾವು ನ್ಯೂಜೆರ್ಸಿಯ ಎಡಿಸನ್‌ನಿಂದ ಅಟ್ಲಾಂಟಾಕ್ಕೆ ಬರುವವರಿದ್ದೇವೆ. ನನ್ನ ಕಚೇರಿ ಮಿಡ್‌ಟೌನ್‌ನಲ್ಲಿದ್ದು, ವಾರಕ್ಕೆ ಮೂರು ದಿನ ಅಲ್ಲಿರಬೇಕು. ಪತ್ನಿಗೆ ಎಮೊರಿ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಕೆಲಸ ದೊರೆತಿದೆ. ಆಕೆ ಐದೂ ದಿನ ಹೋಗಬೇಕು. ಮಗಳು ಎರಡನೆಯ ತರಗತಿಗೆ ಸೇರುತ್ತಾಳೆ, ಮಗನಿಗೆ ಜೂನ್‌ನಲ್ಲಿ ನಾಲ್ಕು ತುಂಬುತ್ತದೆ. ಮೈಸೂರಿನಲ್ಲಿರುವ ನನ್ನ ತಾಯಿಯವರು ವರ್ಷದಲ್ಲಿ ಕೆಲವು ತಿಂಗಳು ನಮ್ಮೊಡನೆ ಇರುತ್ತಾರೆ. ಅವರು ಕಾರು ಓಡಿಸುವುದಿಲ್ಲ, ಆದರೆ ಬೆಳಿಗ್ಗೆ ಸಂಜೆ ನಡೆಯದೆ ಇರಲಾರರು.

ಕೇಳಿದ ಪರಿಚಯಸ್ಥರೆಲ್ಲರೂ ನಗರದ ಉತ್ತರಕ್ಕಿರುವ ಸೌತ್ ಫೊರ್ಸೈತ್ ಇಲ್ಲವೇ ಜಾನ್ಸ್ ಕ್ರೀಕ್ ಎನ್ನುತ್ತಿದ್ದಾರೆ; ಶಾಲೆಗಳು ಚೆನ್ನಾಗಿವೆ, ನಮ್ಮವರು ಬಹಳ ಮಂದಿ ಇದ್ದಾರೆ ಎಂಬುದು ಅವರು ಕೊಡುವ ಕಾರಣ. ನಕ್ಷೆಯಲ್ಲಿ ನೋಡಿದರೆ ಫೊರ್ಸೈತ್‌ನಿಂದ ಮಿಡ್‌ಟೌನ್‌ಗೆ ಮೂವತ್ತು ಮೈಲಿಗೂ ಹೆಚ್ಚು ದೂರವಿದೆ. ಇಲ್ಲಿ ಎಡಿಸನ್‌ನಿಂದ ನ್ಯೂಯಾರ್ಕ್‌ಗೆ ರೈಲಿನಲ್ಲಿ ಹೋಗಿ ಬರುವ ನನಗೆ ದೂರವೆಂಬುದು ಹೊಸದಲ್ಲ, ಆದರೆ ಅಲ್ಲಿ ಆ ದೂರವನ್ನು ಕಾರಿನಲ್ಲೇ ಕ್ರಮಿಸಬೇಕು ಎಂದು ಕೇಳಿದ್ದೇನೆ. ಅಲ್ಲಿ ವಾಸವಿರುವವರು ಏನು ಹೇಳುತ್ತೀರಿ?

ಉತ್ತರ: ಶರಾವತಿ

ನಾವು ಜಾನ್ಸ್ ಕ್ರೀಕ್‌ನಲ್ಲಿ ಬಹಳ ವರ್ಷಗಳಿಂದ ಇದ್ದೇವೆ, ಮಕ್ಕಳು ಇಲ್ಲಿಯ ಶಾಲೆಗಳಲ್ಲೇ ಓದಿದರು. ನಿಮ್ಮ ಪರಿಚಯಸ್ಥರು ಹೇಳಿರುವುದರಲ್ಲಿ ಸುಳ್ಳೇನೂ ಇಲ್ಲ. ದಿನಸಿ ಅಂಗಡಿ, ಸಂಗೀತ ಮತ್ತು ಭರತನಾಟ್ಯದ ತರಗತಿ, ದೋಸೆ ಸಿಗುವ ಹೋಟೆಲು ಎಲ್ಲವೂ ಹತ್ತಿರದಲ್ಲಿವೆ. ನೃಪತುಂಗ ಕನ್ನಡ ಕೂಟದವರ ಪರಿಚಯ ಮಾಡಿಕೊಳ್ಳಿ. ನೆರೆಹೊರೆಯಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದರೆ ನಿಮ್ಮ ತಾಯಿಯವರಿಗೂ ದಿನ ಕಳೆಯುವುದು ಸುಲಭವಾಗುತ್ತದೆ. ಇಲ್ಲಿಯ ಬಡಾವಣೆಗಳ ಒಳಗೆ ಕಾಲುದಾರಿಗಳಿವೆ, ಸಂಜೆ ನಡೆಯುವವರಲ್ಲಿ ಊರಿನಿಂದ ಬಂದ ಹಿರಿಯರೇ ಹೆಚ್ಚು. ಆದರೆ ಬಡಾವಣೆಯ ಬಾಗಿಲು ದಾಟಿ ಅಂಗಡಿಗೋ ಗ್ರಂಥಾಲಯಕ್ಕೋ ನಡೆದು ಹೋಗುವುದು ಹೆಚ್ಚಿನ ಕಡೆ ಸಾಧ್ಯವಿಲ್ಲ.

ದೇವಸ್ಥಾನ ಹತ್ತಿರವಿರಲಿ ಎಂಬುದಕ್ಕಾಗಿಯೇ ಉತ್ತರದ ಕಡೆ ಬರುವವರಿದ್ದಾರೆ. ಆದರೆ ವೆಂಕಟೇಶ್ವರ ಸ್ವಾಮಿಯ ಹಳೆಯ ದೊಡ್ಡ ದೇವಾಲಯವಿರುವುದು ವಿಮಾನ ನಿಲ್ದಾಣಕ್ಕೂ ದಕ್ಷಿಣಕ್ಕೆ, ರಿವರ್‌ಡೇಲ್‌ನಲ್ಲಿ. ನಮ್ಮಲ್ಲಿಂದ ಅಲ್ಲಿಗೆ ಹೋಗಬೇಕೆಂದರೆ ನಗರವನ್ನೇ ಹಾದುಹೋಗಬೇಕು. ನಾನಾದರೂ ನಿಮ್ಮಿಬ್ಬರ ಕಚೇರಿ ನಮ್ಮ ಪಕ್ಕದ ಆಲ್ಫರೆಟ್ಟಾದಲ್ಲಿದ್ದಿದ್ದರೆ ಕಣ್ಣು ಮುಚ್ಚಿ ಇಲ್ಲಿಗೇ ಬನ್ನಿ ಎನ್ನುತ್ತಿದ್ದೆ.

ಉತ್ತರ: ಡೆಕೇಟರ್ ನಿವಾಸಿ

ಅಟ್ಲಾಂಟಾದಲ್ಲಿ ಮನೆ ಹುಡುಕುವವರು ಊರಿನ ಹೆಸರಿನಿಂದ ಆರಂಭಿಸುತ್ತಾರೆ; ಅಲ್ಲಿಂದಲೇ ಗೊಂದಲವೂ ಆರಂಭವಾಗುತ್ತದೆ. ಇಲ್ಲಿ ಮೊದಲು ರಸ್ತೆ ನೋಡಬೇಕು, ಆಮೇಲೆ ಶಾಲೆಯ ಗಡಿ ನೋಡಬೇಕು, ಊರಿನ ಹೆಸರನ್ನು ಕೊನೆಗೆ ನೋಡಿದರೂ ನಡೆಯುತ್ತದೆ.

ರಸ್ತೆಯ ವಿಷಯ ಮೊದಲು. ನಗರವನ್ನು ಸುತ್ತುವರಿದ ಐ-285 ವರ್ತುಲ ರಸ್ತೆಯನ್ನು ಜನ ಪೆರಿಮೀಟರ್ ಎನ್ನುತ್ತಾರೆ, ಮನೆ ಅದರ ಒಳಗಿದೆಯೋ ಹೊರಗಿದೆಯೋ ಎಂಬುದೇ ಇಲ್ಲಿಯ ಮೊದಲ ಪ್ರಶ್ನೆ. ಉತ್ತರದಿಂದ ಜಾರ್ಜಿಯಾ 400, ಈಶಾನ್ಯದಿಂದ ಐ-85, ವಾಯವ್ಯದಿಂದ ಐ-75 ಬರುತ್ತವೆ; 75 ಮತ್ತು 85 ಒಂದಾಗಿ ಮಿಡ್‌ಟೌನ್ ಪಕ್ಕದಲ್ಲೇ ಹಾದುಹೋಗುತ್ತವೆ. ಬೆಳಿಗ್ಗೆ ಎಲ್ಲ ದಿಕ್ಕಿನ ಕಾರುಗಳೂ ಈ ಕೆಲವೇ ಕೊರಳುಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಒಂದು ಕಟ್ಟಿಕೊಂಡರೆ ಬದಲಿ ದಾರಿ ಸುಲಭವಾಗಿ ಸಿಗುವುದಿಲ್ಲ. 2017ರ ಮಾರ್ಚ್ ಕೊನೆಯಲ್ಲಿ ಬೆಂಕಿಯಿಂದಾಗಿ ಐ-85ರ ಸೇತುವೆಯೊಂದು ಕುಸಿದು, ದುರಸ್ತಿಯಾಗಿ ಮೇ ತಿಂಗಳಲ್ಲಿ ತೆರೆಯುವವರೆಗೆ ಈಶಾನ್ಯ ಭಾಗದವರ ದಿನಚರಿಯೇ ಬದಲಾಗಿತ್ತು. 2014ರ ಜನವರಿ 28ರಂದು ಎರಡು ಮೂರು ಅಂಗುಲ ಹಿಮ ಬಿದ್ದದ್ದಕ್ಕೆ ಜನ ರಾತ್ರಿಯಿಡೀ ಹೆದ್ದಾರಿಯಲ್ಲೇ ಉಳಿದರು, ಎಷ್ಟೋ ಮಕ್ಕಳು ಶಾಲೆಯಲ್ಲೇ ಮಲಗಿದರು. ನ್ಯೂಜೆರ್ಸಿಯವರಿಗೆ ಇದನ್ನು ಕೇಳಿ ನಗು ಬರಬಹುದು. ಅಂಥ ದಿನ ಅಪರೂಪವೇ, ಆದರೂ ಇಬ್ಬರೂ ಮೂವತ್ತು ಮೈಲಿ ಆಚೆ ಇದ್ದು ಮಗು ಶಾಲೆಯಲ್ಲಿ ಕಾಯುತ್ತಿದ್ದರೆ ಹೇಗೆ ಎಂಬುದನ್ನು ಯೋಚಿಸಿಯೇ ಮನೆ ಮಾಡಬೇಕು.

ಇನ್ನು ರೈಲು. ಇಲ್ಲಿಯ ಸಾರ್ವಜನಿಕ ಸಾರಿಗೆ ಸಂಸ್ಥೆಯಾದ ಮಾರ್ಟಾದ ರೈಲು 1979ರಿಂದ ಓಡುತ್ತಿದೆ, ಆದರೆ ಅದು ಹೋಗುವುದು ಅದಕ್ಕಾಗಿ ಮಾರಾಟ ತೆರಿಗೆ ಕೊಡಲು ಒಪ್ಪಿದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಮಾತ್ರ. ಕಾಬ್ ಕೌಂಟಿಯವರು 1965ರಲ್ಲೇ ಬೇಡವೆಂದರು. ಗ್ವಿನೆಟ್ ಕೌಂಟಿಯವರು 1971ರಲ್ಲೂ 2019ರಲ್ಲೂ ಮತ ಹಾಕಿ ನಿರಾಕರಿಸಿದರು. ಉತ್ತರದ ಕೆಂಪು ಮಾರ್ಗ 2000ದ ಕೊನೆಯಲ್ಲಿ ನಾರ್ತ್ ಸ್ಪ್ರಿಂಗ್ಸ್ ಮುಟ್ಟಿದ್ದು, ಇಂದಿಗೂ ಅಲ್ಲೇ ನಿಂತಿದೆ. ಆದ್ದರಿಂದ ಜಾನ್ಸ್ ಕ್ರೀಕ್‌ನವರು, ಫೊರ್ಸೈತ್‌ನವರು ಅಲ್ಲಿಯವರೆಗೆ ಕಾರಿನಲ್ಲಿ ಬಂದು ರೈಲು ಹತ್ತಬೇಕು. ಅದು ನಿಮಗೆ ಸರಿಹೋದೀತು, ನಿಮ್ಮ ಪತ್ನಿಯವರಿಗೆ ಹೋಗುವುದಿಲ್ಲ, ಏಕೆಂದರೆ ಎಮೊರಿಗೆ ರೈಲೇ ಇಲ್ಲ. ವಾರಕ್ಕೆ ಐದು ದಿನ ಹೋಗುವವರು ಅವರು. ಮನೆಯ ಜಾಗವನ್ನು ಅವರ ದಾರಿಯಿಂದ ನಿರ್ಧರಿಸುವುದೇ ನ್ಯಾಯ.

ಮೂರನೆಯದು ವಿಳಾಸ. ಅಂಚೆಯ ವಿಳಾಸದಲ್ಲಿ ಅಟ್ಲಾಂಟಾ ಎಂದಿದ್ದರೂ ಮನೆ ಅಟ್ಲಾಂಟಾ ನಗರದೊಳಗೆ ಇರಬೇಕೆಂದಿಲ್ಲ. ಸುವಾನೀ ಎಂಬ ವಿಳಾಸ ಗ್ವಿನೆಟ್ ಮತ್ತು ಫೊರ್ಸೈತ್ ಎರಡರಲ್ಲೂ ಹರಡಿದೆ, ಶಾಲಾ ವ್ಯವಸ್ಥೆಗಳು ಬೇರೆ ಬೇರೆ. ಡೆಕೇಟರ್ ಎಂಬ ವಿಳಾಸವಂತೂ ಬಲು ದೊಡ್ಡದು, ಆದರೆ ಡೆಕೇಟರ್ ನಗರ 5 ಚದರ ಮೈಲಿಗಿಂತಲೂ ಚಿಕ್ಕದು; ಅದಕ್ಕೆ ತನ್ನದೇ ಶಾಲಾ ಆಡಳಿತವಿದೆ, ಉಳಿದ ಮನೆಗಳ ಮಕ್ಕಳು ಡಿಕಾಲ್ಬ್ ಕೌಂಟಿಯ ಶಾಲೆಗಳಿಗೆ ಹೋಗುತ್ತಾರೆ. ಎರಡರ ನಡುವೆ ಬಾಡಿಗೆಯೂ ತೆರಿಗೆಯೂ ಎದ್ದು ಕಾಣುವಷ್ಟು ವ್ಯತ್ಯಾಸವಾಗುತ್ತವೆ. ಜಾಹೀರಾತಿನಲ್ಲಿರುವ ಊರಿನ ಹೆಸರನ್ನು ನಂಬದೆ, ಮನೆಯ ಸಂಖ್ಯೆ ಸಹಿತ ವಿಳಾಸವನ್ನು ಆಯಾ ಶಾಲಾ ಆಡಳಿತದ ಜಾಲತಾಣದಲ್ಲಿ ಹಾಕಿ ನೋಡಿ.

ನನ್ನ ಸಲಹೆ ಡೆಕೇಟರ್ ನಗರವೇ. ಊರ ನಡುವಿನ ಚೌಕದ ಅಡಿಯಲ್ಲೇ ರೈಲು ನಿಲ್ದಾಣವಿದೆ. ಗ್ರಂಥಾಲಯ, ಅಂಗಡಿ, ಅಂಚೆ ಕಚೇರಿ ಎಲ್ಲಕ್ಕೂ ನಿಮ್ಮ ತಾಯಿಯವರು ನಡೆದೇ ಹೋಗಬಹುದು. ಎಮೊರಿ ಮೂರು ಮೈಲಿಯ ಆಸುಪಾಸಿನಲ್ಲಿದೆ. ನೀವು ಫೈವ್ ಪಾಯಿಂಟ್ಸ್‌ನಲ್ಲಿ ಒಮ್ಮೆ ರೈಲು ಬದಲಿಸಿದರೆ ಮಿಡ್‌ಟೌನ್ ಬಂತು. ಭಾರತೀಯ ದಿನಸಿಯ ಹಳೆಯ ಅಂಗಡಿ ಸಾಲು ಹತ್ತಿರದಲ್ಲೇ ಇದೆ; ಉತ್ತರದ ಉಪನಗರಗಳಿಗೆ ಇಡ್ಲಿ ಹಿಟ್ಟು ಬರುವ ಮೊದಲು ಎಲ್ಲರೂ ವಾರಾಂತ್ಯದಲ್ಲಿ ಇಲ್ಲಿಗೇ ಬರುತ್ತಿದ್ದರು.

ಉತ್ತರ: ಮಲೆನಾಡಿಗ

ಡೆಕೇಟರ್ ನಿವಾಸಿಯವರ ಮಾತನ್ನು ಒಪ್ಪುತ್ತೇನೆ, ಆದರೆ ಡೆಕೇಟರ್ ನಗರದೊಳಗೆ ನಾಲ್ಕೈದು ಜನರಿಗೆ ಸಾಲುವಂಥ ಬಾಡಿಗೆ ಮನೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಬ್ರೂಕ್‌ಹೇವನ್ ಮತ್ತು ಶ್ಯಾಂಬ್ಲಿಯನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಎರಡೂ ಕಡೆ ಚಿನ್ನದ ಬಣ್ಣದ ಮಾರ್ಗದ ನಿಲ್ದಾಣಗಳಿದ್ದು, ಮಿಡ್‌ಟೌನ್‌ಗೆ ರೈಲು ಬದಲಿಸುವ ಅಗತ್ಯವೇ ಇಲ್ಲ. ಅಲ್ಲಿಂದ ಎಮೊರಿಗೆ ಹೆದ್ದಾರಿ ಹತ್ತದೆ ಒಳದಾರಿಯಲ್ಲೇ ಹೋಗಬಹುದು, ಬೆಳಿಗ್ಗೆ ದಟ್ಟಣೆ ಇರುತ್ತದೆ ಎಂಬುದು ನಿಜ. ಬ್ಯೂಫರ್ಡ್ ಹೆದ್ದಾರಿಯ ಉದ್ದಕ್ಕೂ ಕೊರಿಯಾ, ವಿಯೆಟ್ನಾಂ, ಮೆಕ್ಸಿಕೊ ಊಟದ ಹೋಟೆಲುಗಳು ಸಾಲಾಗಿವೆ. ಸಸ್ಯಾಹಾರಿಗಳು ವಿಚಾರಿಸಿಯೇ ಕೂರಬೇಕಾಗುತ್ತದೆ.

ಕುಕ್ಕರಹಳ್ಳಿ

ಎಲ್ಲರಿಗೂ ಧನ್ಯವಾದಗಳು. ಪತ್ನಿಯ ದಾರಿಯಿಂದ ನೋಡಬೇಕೆಂಬ ಮಾತು ಮನೆಯಲ್ಲಿ ಕೂಡಲೇ ಅಂಗೀಕಾರವಾಯಿತು. ಡೆಕೇಟರ್ ಮತ್ತು ಬ್ರೂಕ್‌ಹೇವನ್ ಎರಡನ್ನೂ ಏಪ್ರಿಲ್‌ನಲ್ಲಿ ಬಂದು ನೋಡುತ್ತೇವೆ. ಒಂದು ಅನುಮಾನ ಉಳಿದಿದೆ: ಬಾಡಿಗೆಗೆ ಕೊಡುವ ಹಣವನ್ನು ಕಂತಿಗೇ ಕಟ್ಟಬಹುದಲ್ಲ, ನೇರವಾಗಿ ಮನೆ ಕೊಳ್ಳಿ ಎಂದು ಕೆಲವರು ಹೇಳುತ್ತಿದ್ದಾರೆ. ಮಾರಾಟಕ್ಕಿರುವ ಕೆಲವು ಮನೆಗಳ ಆಸ್ತಿ ತೆರಿಗೆ ಎಡಿಸನ್‌ಗೆ ಹೋಲಿಸಿದರೆ ತೀರ ಕಡಿಮೆ ಕಾಣುತ್ತಿದೆ. ಇದು ನಿಜವೇ?

ಉತ್ತರ: ಶರಾವತಿ

ಕಡಿಮೆ ಎಂಬುದು ನಿಜ, ಆದರೆ ನೀವು ನೋಡುತ್ತಿರುವ ಅಂಕಿ ಈಗಿನ ಮಾಲೀಕರದು. ಇಲ್ಲಿ ಹಿರಿಯ ನಾಗರಿಕರಿಗೆ ದೊಡ್ಡ ವಿನಾಯಿತಿಗಳಿವೆ. ಉದಾಹರಣೆಗೆ, ಕಾಬ್ ಕೌಂಟಿಯಲ್ಲಿ 62 ವರ್ಷವಾದವರು ಅರ್ಜಿ ಹಾಕಿದರೆ ಸ್ವಂತ ಮನೆಗೆ ಶಾಲಾ ತೆರಿಗೆಯನ್ನೇ ಕಟ್ಟಬೇಕಿಲ್ಲ. ಅಂಥವರ ಮನೆ ನಿಮ್ಮ ಹೆಸರಿಗೆ ಬಂದ ಮೇಲೆ ಬಿಲ್ಲು ಬೇರೆಯೇ ಆಗಿರುತ್ತದೆ. ಜಾರ್ಜಿಯಾದಲ್ಲಿ ಮಾರುಕಟ್ಟೆ ಬೆಲೆಯ ಶೇ. 40ರ ಮೇಲೆ ತೆರಿಗೆ ಲೆಕ್ಕ ಹಾಕುತ್ತಾರೆ. ಮನೆ ನಿಮ್ಮದಾಗಿದ್ದು ಜನವರಿ 1ರಂದು ನೀವೇ ಅದರಲ್ಲಿ ವಾಸವಿದ್ದರೆ, ಏಪ್ರಿಲ್ 1ರೊಳಗೆ ಹೋಮ್‌ಸ್ಟೆಡ್ ವಿನಾಯಿತಿಗೆ, ಅಂದರೆ ಸ್ವಂತ ವಾಸದ ಮನೆಗೆ ಸಿಗುವ ತೆರಿಗೆ ರಿಯಾಯಿತಿಗೆ, ಅರ್ಜಿ ಹಾಕಬೇಕು. ಅದು ತಾನಾಗಿ ಬರುವುದಿಲ್ಲ.

ಆದರೂ ಮೊದಲ ವರ್ಷ ಬಾಡಿಗೆಗೇ ಇರಿ ಎನ್ನುತ್ತೇನೆ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಆ ರಸ್ತೆ ಹೇಗಿರುತ್ತದೆ ಎಂಬುದು ಅಲ್ಲಿದ್ದೇ ತಿಳಿಯಬೇಕು.

ಉತ್ತರ: ಡೆಕೇಟರ್ ನಿವಾಸಿ

ಶರಾವತಿಯವರ ಮಾತಿಗೆ ಇನ್ನೆರಡು ಸೇರಿಸುತ್ತೇನೆ. ಮುಂದೆ ಕೊಳ್ಳುವಾಗ ಗೆದ್ದಲಿನ ಬಗ್ಗೆ ಕೇಳಲು ಮರೆಯಬೇಡಿ. ಮರದ ಚೌಕಟ್ಟಿನ ಮನೆಗಳು, ಬೆಚ್ಚನೆಯ ತೇವದ ಹವೆ ಎರಡೂ ಸೇರಿ ಇಲ್ಲಿ ಗೆದ್ದಲು ದೊಡ್ಡ ಪೀಡೆ. ಅದಕ್ಕೆಂದು ಗೆದ್ದಲು ನಿಯಂತ್ರಿಸುವ ಕಂಪನಿಯೊಡನೆ ಮಾಡಿಕೊಂಡು ವರ್ಷವರ್ಷ ನವೀಕರಿಸುವ ಟರ್ಮೈಟ್ ಬಾಂಡ್ ಎಂಬ ಕರಾರು ಇರುತ್ತದೆ, ಮನೆಯ ಜೊತೆ ಅದೂ ಕೈ ಬದಲಾಗುತ್ತದೆಯೇ ಎಂದು ವಿಚಾರಿಸಿ. ಫುಲ್ಟನ್, ಡಿಕಾಲ್ಬ್, ಕಾಬ್, ಗ್ವಿನೆಟ್ ಈ ನಾಲ್ಕೂ ಕೌಂಟಿಗಳು ನೆಲದಿಂದ ಆರೋಗ್ಯಕ್ಕೆ ಹಾನಿಕರವಾದ ರೇಡಾನ್ ಅನಿಲ ಹೆಚ್ಚಾಗಿ ಬರುವ ವಲಯದಲ್ಲಿವೆ. ನೆಲಮಾಳಿಗೆಯಲ್ಲಿ ತಾಯಿಯವರಿಗೆ ಕೋಣೆ ಮಾಡುವ ಯೋಚನೆಯಿದ್ದರೆ ಪರೀಕ್ಷೆ ಮಾಡಿಸಿಯೇ ಮುಂದುವರಿಯಿರಿ.

ಇವೆಲ್ಲಕ್ಕಿಂತ ಮೊದಲು ಮಗನ ವಿಷಯ ನೋಡಿ. ಸೆಪ್ಟೆಂಬರ್ 1ಕ್ಕೆ ನಾಲ್ಕು ತುಂಬಿದ ಮಕ್ಕಳಿಗೆ ಜಾರ್ಜಿಯಾದಲ್ಲಿ ರಾಜ್ಯದ ಲಾಟರಿ ಹಣದಿಂದ ನಡೆಯುವ ಉಚಿತ ಪ್ರೀ-ಕೆ (ಶಿಶುವಿಹಾರದಂಥ) ತರಗತಿಗಳಿವೆ, ಆದರೆ ಸ್ಥಾನಗಳು ಮಿತವಾಗಿದ್ದು ನೋಂದಣಿ ವಸಂತದಲ್ಲೇ ಶುರುವಾಗುತ್ತದೆ. ಏಪ್ರಿಲ್‌ನಲ್ಲಿ ಬಂದಾಗಲೇ ವಿಚಾರಿಸಿ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ. ಶಾಲೆಗಳು ಇಲ್ಲಿ ಸೆಪ್ಟೆಂಬರ್‌ಗೆ ಕಾಯದೆ ಆಗಸ್ಟ್ ಮೊದಲ ವಾರದ ಹೊತ್ತಿಗೇ ಆರಂಭವಾಗುತ್ತವೆ, ಮಗಳ ನೋಂದಣಿಗೆ ಬಾಡಿಗೆ ಕರಾರು ಮುಂತಾದ ವಿಳಾಸದ ದಾಖಲೆ ಬೇಕು. ಜುಲೈ ಕೊನೆಯಲ್ಲಿ ಬಂದು ಮನೆ ಹುಡುಕೋಣವೆಂದರೆ ಆಗುವುದಿಲ್ಲ, ಜೂನ್ ಮುಗಿಯುವ ಮೊದಲೇ ಕರಾರಿಗೆ ಸಹಿ ಬಿದ್ದಿರಲಿ.